ಮಧ್ಯಾಹ್ನ ಎರಡಕ್ಕೆ ಲೈಬ್ರರಿ ಬಾಗಿಲು ತೆಗೆಸಿ: ಪಂಚಾಯತ್ ರಾಜ್ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ,

ನಮಸ್ಕಾರ. ಹಳ್ಳಿ ಲೈಬ್ರರಿಗಳು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ನಿಮ್ಮ ಇಲಾಖೆಗೆ ಬಂದವು. ಆಮೇಲೆ ಒಳ್ಳೆಯದೇ ಆಗಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಗೋಡೆಗೆ ಬಣ್ಣ ಬಂತು, ಎಷ್ಟೋ ಕಡೆ ಕಂಪ್ಯೂಟರ್ ಬಂತು, ‘ಅರಿವು ಕೇಂದ್ರ’ ಅಂತ ಹೊಸ ಹೆಸರೂ ಬಂತು. 2020ರಲ್ಲಿ ಕೋವಿಡ್‌ನಿಂದ ಶಾಲೆ ಮುಚ್ಚಿದ್ದಾಗ ‘ಓದುವ ಬೆಳಕು’ ಶುರುವಾಗಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ನನ್ನ ಮಗಳೂ ಆಗ ಸದಸ್ಯೆಯಾದಳು. ಈಗ ನಾನು ಬರೆಯುತ್ತಿರುವುದು ಅವಳ ಅಮ್ಮನ ವಿಷಯ.

ನಾನು ಹಾಸನ ಜಿಲ್ಲೆಯ ಒಂದು ಹಳ್ಳಿಯವಳು. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ, ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತೇನೆ. ಓದುವ ಹುಚ್ಚು ಮೊದಲಿನಿಂದಲೂ ಇದೆ. ಊರಿನ ಹೆಸರು ಹಾಕುವುದಿಲ್ಲ. ನಮ್ಮ ಗ್ರಂಥಾಲಯದ ಮೇಲ್ವಿಚಾರಕರು ಒಳ್ಳೆಯ ಮನುಷ್ಯ, ನನ್ನ ಪತ್ರದಿಂದ ಅವರಿಗೊಂದು ನೋಟಿಸ್ ಹೋಗುವುದು ಬೇಡ.

ನಮ್ಮ ಅರಿವು ಕೇಂದ್ರ ಇರುವುದು ಪಂಚಾಯಿತಿ ಕಟ್ಟಡದ ಪಕ್ಕದ ಕೋಣೆಯಲ್ಲಿ. ಬಾಗಿಲ ಮುಂದೆ ಸಾಲಾಗಿ ಬೈಕು. ಮೆಟ್ಟಿಲ ಮೇಲೆ ನಾಲ್ಕಾರು ಜನ ಗಂಡಸರು, ಒಳಗೆ ಮೇಜಿನ ಸುತ್ತ ಇನ್ನಷ್ಟು ಜನ. ಪೇಪರಿನ ಒಂದೊಂದು ಹಾಳೆ ಒಬ್ಬೊಬ್ಬರ ಕೈಯಲ್ಲಿ. ಮೂಲೆಯಲ್ಲಿ ಪಿಡಿಒ ಪರೀಕ್ಷೆಗೆ ಓದುವ ಹುಡುಗರು. ಹೆಂಗಸೊಬ್ಬಳು ಹೊಸ್ತಿಲು ದಾಟಿದರೆ ಎಲ್ಲರ ತಲೆಯೂ ಇತ್ತ ತಿರುಗುತ್ತದೆ. ‘ಏನಮ್ಮ, ಪಿಂಚಣಿ ವಿಷಯನಾ? ಆಫೀಸು ಆ ಕಡೆ.’ ಕೆಟ್ಟ ಮನಸ್ಸಿನಿಂದ ಆಡಿದ ಮಾತಲ್ಲ ಅದು. ಪಾಪ, ದಾರಿ ತಪ್ಪಿ ಬಂದಿದ್ದಾಳೆ ಅಂತಲೇ ಅವರು ತಿಳಿದದ್ದು. ಪುಸ್ತಕಕ್ಕೆ ಬಂದಿರಬಹುದು ಅಂತ ಅಷ್ಟು ಜನರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ, ನೋಡಿ.

ಇನ್ನು ಹೊತ್ತಿನ ವಿಷಯ. ಬೆಳಿಗ್ಗೆ ಡೇರಿಗೆ ಹಾಲು ಹಾಕಬೇಕು, ಕೊಟ್ಟಿಗೆ ಬಾಚಬೇಕು, ತಿಂಡಿ, ಮಕ್ಕಳ ಡಬ್ಬಿ, ಬಟ್ಟೆ, ಮಧ್ಯಾಹ್ನದ ಮುದ್ದೆ ಸಾರು. ಸುಗ್ಗಿ ಇಲ್ಲದ ದಿನಗಳಲ್ಲಿ ಎರಡು ಗಂಟೆಗೆ ಕೈ ಖಾಲಿಯಾಗುತ್ತದೆ. ನಾಲ್ಕಕ್ಕೆ ಮಕ್ಕಳು ಬರುತ್ತಾರೆ, ದನಗಳು ಕೂಗುತ್ತವೆ. ನಮ್ಮದು ಅಂತ ಇರುವುದು ಈ ಎರಡು ಗಂಟೆ. ನಮ್ಮೂರ ಅರಿವು ಕೇಂದ್ರಕ್ಕೆ ಸರಿಯಾಗಿ ಆಗಲೇ ಊಟದ ಬೀಗ ಬೀಳುತ್ತದೆ. ಮೇಲ್ವಿಚಾರಕರು ಊಟ ಮಾಡಬೇಡವೇ, ಮಾಡಲಿ. ಸಂಜೆ ಜಾಸ್ತಿ ಹೊತ್ತು ತೆಗೆದಿರುತ್ತಾರೆ, ನಿಜ. ಆದರೆ ಸಂಜೆ ಆರಕ್ಕೆ ಬೈಕುಗಳ ನಡುವೆ ದಾರಿ ಮಾಡಿಕೊಂಡು ಒಳಗೆ ಹೋಗಿ ಕಾದಂಬರಿ ಹಿಡಿದು ಕೂರುವ ಸೊಸೆಯನ್ನು ಯಾವ ಊರಲ್ಲಾದರೂ ನೋಡಿದ್ದೀರಾ?

ಸರಿ, ಮನೆಗೆ ತಂದು ಓದೋಣ ಅಂದರೆ ಸದಸ್ಯತ್ವ ಬೇಕು. ನಮ್ಮ ಮನೆಯ ಕಾರ್ಡು ಯಜಮಾನರ ಹೆಸರಲ್ಲಿದೆ. ಅವರು ಅದರ ಮೇಲೆ ಒಂದು ಪುಸ್ತಕವನ್ನೂ ತಂದವರಲ್ಲ. ‘ಒಂದೇ ಮನೆಗೆ ಇನ್ನೊಂದು ಕಾರ್ಡು ಯಾಕಮ್ಮ, ಅದರಲ್ಲೇ ತಗೊಂಡು ಹೋಗಿ’ ಅಂತ ಲೈಬ್ರರಿಯಲ್ಲಿ ಅಂದರು. ಗೃಹಲಕ್ಷ್ಮಿಗೆ ಮನೆ ಯಜಮಾನಿ ನಾನು, ತಿಂಗಳಿಗೆ 2,000 ರೂಪಾಯಿ ನನ್ನ ಖಾತೆಗೇ ಬರುತ್ತದೆ. ಲೈಬ್ರರಿಗೆ ಮಾತ್ರ ನಾನು ಅವರ ಮನೆಯವಳು. ಅಂದಹಾಗೆ, ಇದೇ ಗೃಹಲಕ್ಷ್ಮಿ ದುಡ್ಡು ಕೂಡಿಟ್ಟು ರಾಯಬಾಗ ತಾಲ್ಲೂಕಿನ ಒಬ್ಬ ಹೆಣ್ಣುಮಗಳು ಊರ ಮಕ್ಕಳಿಗೆ ಗ್ರಂಥಾಲಯ ಮಾಡಿಸಿದ ಸುದ್ದಿ 2024ರಲ್ಲಿ ಪೇಪರಿನಲ್ಲಿ ಬಂದಿತ್ತು, ನೀವೂ ಓದಿರುತ್ತೀರಿ. ಹೆಂಗಸರಿಗೆ ಪುಸ್ತಕ ಬೇಡ ಅನ್ನುವವರಿಗೆ ಅದನ್ನು ತೋರಿಸಬೇಕು.

ಬೀರುವಿನೊಳಗೆ ಏನಿದೆ ಅಂತಲೂ ಹೇಳುತ್ತೇನೆ. ಪರೀಕ್ಷೆಯ ಗೈಡುಗಳು ಎರಡು ಸಾಲು. ಮಹಾಪುರುಷರ ಜೀವನ ಚರಿತ್ರೆ ಒಂದು ಸಾಲು. ‘ಮಹಿಳೆಯರಿಗೆ’ ಅಂತ ಚೀಟಿ ಅಂಟಿಸಿದ ಖಾನೆಯಲ್ಲಿ ರಂಗೋಲಿ, ಉಪ್ಪಿನಕಾಯಿ, ವ್ರತಕತೆಯ ಪುಸ್ತಕಗಳು. ರಂಗೋಲಿ ಪುಸ್ತಕದ ಮೇಲೆ ನನಗೇನೂ ಸಿಟ್ಟಿಲ್ಲ, ಸಂಕ್ರಾಂತಿಗೆ ನಾನೇ ತಂದಿದ್ದೆ. ಆದರೆ 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಸಂಘದವರು ಕೇಳಿದರು, ‘ನಮ್ಮ ಹಾಸನದವರಂತಲ್ಲಕ್ಕ, ಅವರ ಪುಸ್ತಕ ತಗೊಂಡು ಬಾ.’ ಹೋದೆ. ಇರಲಿಲ್ಲ. ಮಡಿಕೇರಿಯ ದೀಪಾ ಭಾಸ್ತಿ ಇಂಗ್ಲಿಷಿಗೆ ಮಾಡಿದ ಆ ಕತೆಗಳನ್ನು ಲಂಡನ್ನಿನಲ್ಲಿ ಜನ ಓದಿದರು. ಬಾನು ಅವರದೇ ಜಿಲ್ಲೆಯ ಹಳ್ಳಿಯಲ್ಲಿ ಕನ್ನಡದ ಒಂದು ಪ್ರತಿ ಸಿಗಲಿಲ್ಲ.

ಹೆಂಗಸರು ಬರೆದದ್ದೇ ಕಡಿಮೆ ಅಂತಲೂ ಹೇಳುವ ಹಾಗಿಲ್ಲ. ನಂಜನಗೂಡಿನ ತಿರುಮಲಾಂಬ ಬಾಲ್ಯದಲ್ಲೇ ವಿಧವೆಯಾದವರು. ನೂರು ವರ್ಷಕ್ಕೂ ಹಿಂದೆ ತಾವೇ ಕಾದಂಬರಿ ಬರೆದು ತಾವೇ ಪ್ರಕಟಿಸಿದರು, ಹೆಂಗಸರಿಗಾಗಿ ಪತ್ರಿಕೆ ನಡೆಸಿದರು. ಎಂ.ಕೆ. ಇಂದಿರಾ ಹೆಚ್ಚು ಓದಿದವರಲ್ಲ, ಕಾದಂಬರಿಗೆ ಕೈ ಹಾಕಿದ್ದು ನಲವತ್ತು ದಾಟಿದ ಮೇಲೆ. ಕಲಬುರಗಿಯ ಗೀತಾ ನಾಗಭೂಷಣ ಗಿರಣಿ ಕಾರ್ಮಿಕರ ಮಗಳು. ಕನ್ನಡಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರತೊಡಗಿದ್ದು 1955ರಲ್ಲಿ. ಅದು ಮೊದಲ ಬಾರಿಗೆ ಒಬ್ಬ ಮಹಿಳೆಗೆ ಸಿಕ್ಕಿದ್ದು 2004ರಲ್ಲಿ, ಇವರ ‘ಬದುಕು’ ಕಾದಂಬರಿಗೆ. ಜ್ಞಾನಪೀಠದ ಮಾತು ಬಿಡಿ, ಕನ್ನಡದ ಎಂಟೂ ಗಂಡಸರ ಪಾಲು. ಪ್ರಶಸ್ತಿ ಕೊಡುವುದು ನಿಮ್ಮ ಇಲಾಖೆಯಲ್ಲ, ಗೊತ್ತು. ಬೀರು ತುಂಬಿಸುವುದು ನಿಮ್ಮ ಕೈಯಲ್ಲಿದೆ, ಅದಕ್ಕೇ ನಿಮಗೆ ಬರೆಯುತ್ತಿದ್ದೇನೆ.

ಪುಸ್ತಕ ಸಿಕ್ಕರೆ ಏನಾಗುತ್ತದೆ ಅಂತ ನಮ್ಮ ಸಂಘದಲ್ಲಿ ನೋಡಿದ್ದೇನೆ. ಅಕ್ಕನ ಮನೆಯಿಂದ ತ್ರಿವೇಣಿಯವರ ‘ಶರಪಂಜರ’ದ ಹಳೇ ಪ್ರತಿ ತಂದಿದ್ದೆ, ರಟ್ಟೇ ಇರಲಿಲ್ಲ. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದಷ್ಟು ಪುಟ ಗಟ್ಟಿಯಾಗಿ ಓದುತ್ತಿದ್ದೆ. ನಮ್ಮಲ್ಲಿ ಕೆಲವರಿಗೆ ಸಹಿ ಬಿಟ್ಟರೆ ಅಕ್ಷರ ಬಾರದು. ಸಿನಿಮಾ ನೋಡಿದವರಿದ್ದರು, ಆದರೂ ಕೂತು ಕೇಳಿದರು. ಕತೆಯ ನಾಯಕಿ ಕಾವೇರಿಗೆ ಬಾಣಂತನದಲ್ಲಿ ಬುದ್ಧಿ ಸ್ತಿಮಿತ ತಪ್ಪುವುದು, ಆಸ್ಪತ್ರೆಯಿಂದ ವಾಸಿಯಾಗಿ ಬಂದರೂ ಮನೆಯವರು ಅವಳನ್ನು ಹುಚ್ಚಿಯ ಹಾಗೇ ನೋಡುವುದು, ಗಂಡ ದೂರ ಸರಿಯುವುದು. ಒಂದು ದಿನ ಓದು ನಿಲ್ಲಿಸಿದಾಗ ಐವತ್ತು ದಾಟಿದ ಒಬ್ಬರು ಸೆರಗಿನ ತುದಿ ಸುತ್ತುತ್ತಾ ಹೇಳಿದರು: ‘ನಂಗೂ ಎರಡನೇ ಬಾಣಂತನದಾಗೆ ಹಿಂಗೇ ಆಗಿತ್ತು ಕಣವ್ವ. ಗಾಳಿ ಸೋಕೈತೆ ಅಂತ ದೇವಸ್ಥಾನದಾಗೆ ಕೂರಿಸಿದ್ರು. ಕೂಸಿಗೆ ಹಾಲು ಕುಡ್ಸಕ್ಕೂ ಬಿಡ್ಲಿಲ್ಲ.’ ಅವರ ಪಕ್ಕದಲ್ಲೇ ಅವರ ಸೊಸೆ ಕೂತಿದ್ದಳು, ಏಳು ತಿಂಗಳ ಬಸುರಿ. ಅವಳಿಗೆ ಈ ವಿಷಯ ಗೊತ್ತೇ ಇರಲಿಲ್ಲ. ಆ ಹುಡುಗಿಯ ಬಾಣಂತನದಲ್ಲಿ, ನಿದ್ದೆ ಬರುತ್ತಿಲ್ಲ, ಸುಮ್ನೆ ಅಳು ಬರುತ್ತದೆ ಅಂದಾಗ ಅತ್ತೆಯೇ ಆಶಾ ಕಾರ್ಯಕರ್ತೆಯನ್ನು ಕರೆಸಿ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದರು. ತ್ರಿವೇಣಿ ತೀರಿಕೊಂಡಿದ್ದು 1963ರಲ್ಲಿ. ಅಷ್ಟು ಹಿಂದೆ ಅವರು ಬರೆದದ್ದು ನಮ್ಮೂರಿಗೆ ಬಂದು ಮುಟ್ಟಲು ನನ್ನ ಅಕ್ಕನ ಮನೆಯ ಅಟ್ಟವೇ ಬೇಕಾಯಿತು.

ಈ ಮಾತು ಎತ್ತಿದರೆ ಪಂಚಾಯಿತಿ ಸದಸ್ಯರೊಬ್ಬರು ನಕ್ಕರು. ‘ಹೆಂಗಸರಿಗೆ ಓದೋಕೆ ಪುರುಸೊತ್ತೆಲ್ಲಿ? ಇದ್ರೂ ಸೀರಿಯಲ್ ನೋಡ್ತಾರೆ.’ ಪುರುಸೊತ್ತಿಲ್ಲ, ಸರಿ. ಯಾಕಿಲ್ಲ? ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ಪ್ರಕಾರ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ, ಮನೆಗೆಲಸ ಮಾಡುವ ಗಂಡಸರು 97 ನಿಮಿಷ. ಮನೆಗೆಲಸಕ್ಕೆ ಕೈಯನ್ನೇ ಹಾಕದ ಗಂಡಸರು ಆ ಸರಾಸರಿಯಲ್ಲಿ ಇಲ್ಲ, ಅದು ನೆನಪಿರಲಿ. ಸೀರಿಯಲ್ ನೋಡುತ್ತೇವೆ, ಹೌದು. ಟೀವಿ ಮನೆಯೊಳಗೇ ಇದೆ, ಯಾರೂ ‘ಪಿಂಚಣಿನಾ’ ಅಂತ ಕೇಳುವುದಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬರುವ ಮುಂಚೆ ‘ಹೆಂಗಸರು ಎಲ್ಲಿಗೆ ಹೋಗ್ತಾರೆ ಬಿಡಿ’ ಅನ್ನುವವರಿದ್ದರು. ಬಸ್ಸು ಹೇಗೆ ತುಂಬಿತು ಅಂತ ಎಲ್ಲರೂ ಕಂಡಿದ್ದೇವೆ.

ಹಾಗಾಗಿ ನಾವು ಕೇಳುವುದು ದೊಡ್ಡದೇನಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅರಿವು ಕೇಂದ್ರ ತೆರೆದಿರಲಿ, ಮೇಲ್ವಿಚಾರಕರು ಒಂದಕ್ಕೇ ಊಟ ಮುಗಿಸಲಿ. ವಾರದಲ್ಲಿ ಎರಡು ದಿನವಾದರೂ ಆ ಹೊತ್ತು ಹೆಣ್ಣುಮಕ್ಕಳಿಗೆ ಮಾತ್ರ ಇರಲಿ. ಶಾಶ್ವತವಾಗಿ ಬೇಡ, ಊರಿನ ಕಣ್ಣಿಗೆ ಅಭ್ಯಾಸ ಆಗುವವರೆಗೆ ಸಾಕು. ಒಂದು ಮನೆಗೆ ಒಂದೇ ಕಾರ್ಡು ಅನ್ನುವುದನ್ನು ನಿಲ್ಲಿಸಿ. ಪಂಚಾಯಿತಿಯ ಶೌಚಾಲಯದ ಬೀಗದ ಕೈ ಲೈಬ್ರರಿಯಲ್ಲೂ ಒಂದಿರಲಿ, ಇದನ್ನು ಬರೆಯಲು ನಾಚಿಕೆಯಾದರೂ ಬರೆಯಲೇಬೇಕು. ಓಡಾಡಲಾಗದವರಿಗೆ ಸಂಘದ ಸಭೆಗೇ ಒಂದು ಚೀಲ ಪುಸ್ತಕ ಕಳಿಸಿ, ಲೆಕ್ಕ ನಾವು ಇಟ್ಟುಕೊಳ್ಳುತ್ತೇವೆ. ಸಾಲದ ಕಂತಿನ ಲೆಕ್ಕ ಇಡುವವರಿಗೆ ಪುಸ್ತಕದ ಲೆಕ್ಕ ಏನು ಮಹಾ?

ದುಡ್ಡೆಲ್ಲಿ ಅಂತ ಅಧಿಕಾರಿಗಳು ಕೇಳಬಹುದು. ಆಸ್ತಿ ತೆರಿಗೆಯ ಜೊತೆ ರೂಪಾಯಿಗೆ ಆರು ಪೈಸೆ ಗ್ರಂಥಾಲಯ ಕರ ಅಂತ ವಸೂಲಿಯಾಗುತ್ತದೆ. ಅದರಲ್ಲಿ ಪುಸ್ತಕ ಕೊಳ್ಳುವಾಗ ಪಟ್ಟಿಯನ್ನು ಓದುಗರ ಮುಂದೆ ಇಡಿ, ಮಹಿಳಾ ಗ್ರಾಮಸಭೆಯಲ್ಲಿ ಓದಿ ಹೇಳಿ. ತ್ರಿವೇಣಿ, ಎಂ.ಕೆ. ಇಂದಿರಾ, ಸಾರಾ ಅಬೂಬಕ್ಕರ್, ವೈದೇಹಿ, ಬಾನು ಮುಷ್ತಾಕ್ ಬೇಕು. ಡಾ. ವಿಜಯಾ ಅವರ ‘ಕುದಿ ಎಸರು’ ಬೇಕು. ಅನುಪಮಾ ನಿರಂಜನರ ‘ತಾಯಿ ಮಗು’ ಎರಡು ಪ್ರತಿಯಾದರೂ ಬೇಕು, ಒಂದು ಹೇಗೂ ಯಾವುದಾದರೂ ಬಾಣಂತಿಯ ಮನೆಯಲ್ಲೇ ಇರುತ್ತದೆ.

ಈ ಪತ್ರದ ಒಂದು ಪ್ರತಿಯನ್ನು ಸಂಘದವರ ಸಹಿ, ಹೆಬ್ಬೆಟ್ಟಿನ ಜೊತೆ ನಿಮ್ಮ ಕಚೇರಿಗೆ ಟಪಾಲಿನಲ್ಲಿ ಕಳಿಸಿದ್ದೇವೆ. ಫೋನ್ ನಂಬರ್ ಅದರಲ್ಲಿದೆ. ಕಚೇರಿಯಿಂದ ಯಾರಾದರೂ ಮಾಡುವುದಾದರೆ ಎರಡರಿಂದ ನಾಲ್ಕರೊಳಗೆ ಮಾಡಲಿ. ಆಮೇಲೆ ಹಾಲು ಕರೆಯುವ ಹೊತ್ತು, ಫೋನ್ ಯಜಮಾನರ ಕೈಯಲ್ಲಿರುತ್ತದೆ.

ಇಂತಿ,
ಹಾಸನ ಜಿಲ್ಲೆಯ ಒಬ್ಬ ಓದುಗಿ