ಕ್ಯಾನಿನ ಮುಚ್ಚಳ ತೆಗೆಯುವ ಮುನ್ನ ಡ್ರಮ್ಮಿಗೆ ನೀರು ತುಂಬಿಡಿ

ಮಾನ್ಯ ಸಂಪಾದಕರೇ,

ವಿಜಯಪುರ ಜಿಲ್ಲೆಯ ದ್ರಾಕ್ಷಿ, ದಾಳಿಂಬೆ ತೋಟಗಳಲ್ಲಿ ಗಡಸು ನೀರಿನಿಂದ ಹನಿ ನೀರಾವರಿ ಪೈಪಿನ ಡ್ರಿಪ್ಪರ್‌ಗಳಿಗೆ ಸುಣ್ಣ ಕಟ್ಟುವುದು, ಅದನ್ನು ಕರಗಿಸಲು ಹೈಡ್ರೋಕ್ಲೋರಿಕ್ ಇಲ್ಲವೇ ಸಲ್ಫ್ಯೂರಿಕ್ ಆ್ಯಸಿಡ್ ಹಾಯಿಸುವುದು ಹೊಸದೇನಲ್ಲ. ಉಪಾಯ ಸರಿಯಾದದ್ದೇ. ಆದರೆ ಬರಿಗೈಯಲ್ಲಿ, ಹವಾಯಿ ಚಪ್ಪಲಿಯಲ್ಲಿ ನಿಂತು ಕ್ಯಾನು ಬಗ್ಗಿಸುವ ಆಳುಮಗನಿಗೆ ಅದರ ಗುಣವನ್ನು ಹೇಳಿಕೊಟ್ಟವರು ಕಡಿಮೆ.

ಆ್ಯಸಿಡ್ಡನ್ನು ನೀರಿಗೆ ನಿಧಾನವಾಗಿ ಬೆರೆಸಬೇಕೇ ಹೊರತು ನೀರನ್ನು ಆ್ಯಸಿಡ್ಡಿಗೆ ಎಂದೂ ಸುರಿಯಬಾರದು. ಶೇ 98ರ ಸಲ್ಫ್ಯೂರಿಕ್ ಆ್ಯಸಿಡ್ ನೀರಿಗಿಂತ ಸುಮಾರು 1.8 ಪಟ್ಟು ಭಾರವಾದ್ದರಿಂದ, ಅದಕ್ಕೆ ಬಿದ್ದ ನೀರು ತಳಕ್ಕಿಳಿಯದೆ ಮೇಲೆಯೇ ನಿಂತು, ಅಲ್ಲಿ ಹುಟ್ಟುವ ಕಾವಿಗೆ ತಟ್ಟನೆ ಕುದಿದು, ಆ್ಯಸಿಡ್ ಸಮೇತ ಮುಖಕ್ಕೆ ಸಿಡಿಯುತ್ತದೆ. ಪಾಚಿ ತೆಗೆಯಲು ಬ್ಲೀಚಿಂಗ್ ಪೌಡರ್ ಕಲಸಿದ ಡ್ರಮ್ಮನ್ನು ತೊಳೆಯದೆ ಅದರಲ್ಲೇ ಆ್ಯಸಿಡ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮೋಟರ್ ಶೆಡ್ಡಿನಂಥ ಇಕ್ಕಟ್ಟಿನಲ್ಲಿ ಅದು ಜೀವಕ್ಕೇ ಎರವಾದೀತು.

ಮೈಮೇಲೆ ಬಿದ್ದರೆ ತಡಮಾಡದೆ ನೀರು ಸುರಿಯುತ್ತ, ತೊಯ್ದ ಬಟ್ಟೆಯನ್ನು ತಲೆಯ ಮೇಲಿಂದ ಎಳೆಯದೆ ಕತ್ತರಿಸಿ ತೆಗೆದು, ಕನಿಷ್ಠ 20 ನಿಮಿಷ ತೊಳೆಯಬೇಕು. ಕಣ್ಣಿಗೆ ಸಿಡಿದಿದ್ದರೆ ರೆಪ್ಪೆ ಅಗಲಿಸಿ ಹಿಡಿದು, ಆ ನೀರು ಇನ್ನೊಂದು ಕಣ್ಣಿಗೆ ಹರಿಯದಂತೆ ತೊಳೆಯಬೇಕು; ಅಷ್ಟರಲ್ಲಿ ಮತ್ತೊಬ್ಬರು 108ಕ್ಕೆ ಕರೆ ಮಾಡಲಿ. ಅರಿಸಿನ, ಟೂತ್‌ಪೇಸ್ಟ್ ಯಾವುದೂ ಬೇಡ. ಆ್ಯಸಿಡ್ಡಿಗೆ ಸುಣ್ಣದ ತಿಳಿಯೇ ಮದ್ದೆಂದು ವಾದಿಸುವ ಬಲ್ಲವರು ನಮ್ಮ ಕಡೆ ಇನ್ನೂ ಇದ್ದಾರೆ. ಎರಡೂ ಕೂಡಿದಾಗ ಹುಟ್ಟುವ ಕಾವು ಸುಟ್ಟ ಚರ್ಮವನ್ನು ಮತ್ತೆ ಸುಡುತ್ತದೆ. ನುಂಗಿದವರಿಗಂತೂ ವಾಂತಿ ಮಾಡಿಸಲೇಕೂಡದು.

ಆದರೆ ತೋಟದಲ್ಲಿ ಅಷ್ಟು ನೀರು ಆ ಗಳಿಗೆಗೆ ಎಲ್ಲಿಂದ ಬರಬೇಕು? ತ್ರೀ ಫೇಸ್ ಕರೆಂಟು ಹೋದರೆ ಬೋರು ನಿಂತಂತೆಯೇ. ಪೈಪಿನಲ್ಲಿ ಉಳಿದದ್ದು ಆ್ಯಸಿಡ್ ನೀರು. ನಿಮಿಷಕ್ಕೆ 10 ಲೀಟರಿನಂತೆ ಸುರಿದರೂ 20 ನಿಮಿಷಕ್ಕೆ 200 ಲೀಟರ್ ಬೇಕು. ಆದ್ದರಿಂದ ಕೆಲಸಕ್ಕೆ ಕೈಹಚ್ಚುವ ಮೊದಲೇ ಒಂದೆರಡು ಡ್ರಮ್ಮು ತಿಳಿನೀರು, ಒಂದು ಚೆಂಬು ಪಕ್ಕದಲ್ಲಿರಬೇಕು, ಒಬ್ಬನೇ ಆ ಕೆಲಸಕ್ಕೆ ಇಳಿಯಬಾರದು.

ಕೊಳ್ಳುವವರ ಗುರುತಿನ ಚೀಟಿ ನೋಡಿ, ವಿಳಾಸ ಮತ್ತು ಉದ್ದೇಶ ಬರೆದುಕೊಂಡೇ ಆ್ಯಸಿಡ್ ಮಾರಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲಿಯೇ ಆದೇಶಿಸಿದೆ. ಆ ಪುಸ್ತಕದಲ್ಲಿ ಹೆಸರು ಬರೆಯುವಾಗಲೇ ಅಂಗಡಿಯವರು ರಬ್ಬರ್ ಕೈಗವಸು, ಕನ್ನಡಕ ಮತ್ತು ಕನ್ನಡದಲ್ಲಿ ಅಚ್ಚಾದ ಪ್ರಥಮ ಚಿಕಿತ್ಸೆಯ ಚೀಟಿಯನ್ನು ಕ್ಯಾನಿನೊಂದಿಗೆ ಕೊಡುವಂತೆ ಜಿಲ್ಲಾಡಳಿತ ಮತ್ತು ತೋಟಗಾರಿಕೆ ಇಲಾಖೆ ಸೂಚಿಸಬೇಕೆಂದು ಕೋರುತ್ತೇನೆ.

— ಒಬ್ಬ ದ್ರಾಕ್ಷಿ ಬೆಳೆಗಾರ, ತಿಕೋಟಾ