ಏನು ಬಿಟ್ಟಿದ್ದೀಯ ಅಂತ ಕೇಳು

ಚಿತ್ರದುರ್ಗ

ಚಿ. ಸುಮಾಳಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ನಾವೆಲ್ಲ ಇಲ್ಲಿ ಕ್ಷೇಮ.

ಮೊನ್ನೆ ನೀನು ಫೋನಿನಲ್ಲಿ ಜಗಳೂರು ಕಡೆಯ ಆ ಹುಡುಗಿಯ ವಿಷಯ ಹೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ. 26 ವರ್ಷ, ಹೊಸದಾಗಿ ಮದುವೆಯಾದವಳು. ಹೃದಯದ ಎಡಗಡೆಯ ಎರಡು ಕೋಣೆಗಳ ನಡುವಿನ ಮೈಟ್ರಲ್ ಕವಾಟ 1.4 ಚದರ ಸೆಂಟಿಮೀಟರಿಗೆ ಕಿರಿದಾಗಿದೆ, ಮಲಗಿಸಿ ನೋಡಿದಾಗ ಗ್ರೇಡಿಯಂಟ್, ಅಂದರೆ ಕವಾಟದ ಹಿಂದುಮುಂದಿನ ಒತ್ತಡದ ವ್ಯತ್ಯಾಸ, ಬರೀ 6 ಮಿ.ಮೀ. ಪಾದರಸ. "ಏನೂ ತೊಂದ್ರೆ ಇಲ್ಲ ಮೇಡಂ" ಅಂದಳಂತೆ, ಆರು ತಿಂಗಳು ಬಿಟ್ಟು ಬರಲು ಹೇಳಿ ಕಳಿಸಿದಿರಂತೆ. ಅಷ್ಟು ದಿನ ಕಾಯಬೇಡ ಮಗಳೇ. ಈಗಲೇ ಕರೆಸಿ, ನಡೆಸಿಯೋ ಸೈಕಲ್ಲು ತುಳಿಸಿಯೋ ಎಕೋ (ಹೃದಯದ ಸ್ಕ್ಯಾನ್) ಮಾಡು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಇಂಥವಳೇ ಒಬ್ಬಳು ಬಂದಿದ್ದಳು, ಕೋಟೆ ಕೆಳಗಿನ ಓಣಿಯವಳು. ದಮ್ಮು ಬರುತ್ತಾ ಅಂದೆ, ಇಲ್ಲ ಅಂದಳು. ನಾನೂ ಹಾಗೇ ಬರೆದು ಕಳಿಸಿದೆ. ಬಸುರಿಯಾಗಿ ಆರನೇ ತಿಂಗಳಲ್ಲಿ ಒಂದು ರಾತ್ರಿ ಕೂರಿಸಿಕೊಂಡೇ ಕರೆತಂದರು. ಮಲಗಲು ಆಗುತ್ತಿರಲಿಲ್ಲ, ಬಾಯಲ್ಲಿ ಕೆಂಪು ಕಲೆತ ನೊರೆ. ತಾಯಿ ಉಳಿದಳು, ಮಗು ಉಳಿಯಲಿಲ್ಲ. ಆಮೇಲೆ ಅವಳ ಅತ್ತೆ ಹೇಳಿದರು: ನೀರು ತರುವುದನ್ನು ನಾದಿನಿಗೆ ಬಿಟ್ಟು ವರ್ಷವಾಗಿತ್ತು, ಏಕನಾಥೇಶ್ವರಿ ಗುಡಿಗೆ ಹತ್ತದೆ ಕೆಳಗಿನಿಂದಲೇ ಕೈಮುಗಿಯುತ್ತಿದ್ದಳು. ಅವಳು ನನಗೆ ಸುಳ್ಳು ಹೇಳಿರಲಿಲ್ಲ. ದಮ್ಮು ಬರುವ ಕೆಲಸವನ್ನೆಲ್ಲ ಒಂದೊಂದಾಗಿ ಬಿಟ್ಟವಳಿಗೆ ದಮ್ಮು ಎಲ್ಲಿಂದ ಬರಬೇಕು? "ಏನು ಬಿಟ್ಟಿದ್ದೀಯ" ಅಂತ ನಾನು ಕೇಳಬೇಕಿತ್ತು.

ಸೂಳೆಕೆರೆಯ ತೂಬನ್ನು ನೋಡಿದ್ದೀಯಲ್ಲ. ಬಾಯಿ ಕಿರಿದಾದ ತೂಬಿನಲ್ಲಿ ಸಣ್ಣ ಹರಿವಿಗೆ ಏನೂ ಗೊತ್ತಾಗುವುದಿಲ್ಲ. ಹರಿವು ಹೆಚ್ಚಿದಾಗ ನೀರು ಹಿಂದೆ ಒತ್ತುತ್ತದೆ. ಹೃದಯದಲ್ಲಿ ಇನ್ನೊಂದು ಕಷ್ಟ ಸೇರುತ್ತದೆ. ಬಡಿತ ಜೋರಾದಷ್ಟೂ ಮೈಟ್ರಲ್ ಬಾಗಿಲು ತೆರೆದಿರುವ ಹೊತ್ತೇ ಕಡಿಮೆಯಾಗುತ್ತದೆ. ಹರಿವು ಎರಡರಷ್ಟಾದರೆ ಗ್ರೇಡಿಯಂಟ್ ನಾಲ್ಕರಷ್ಟರ ಹತ್ತಿರ ಹೋಗುತ್ತದೆ, ಆ ಒತ್ತಡವೆಲ್ಲ ಶ್ವಾಸಕೋಶದ ಮೇಲೆ. ಬಸಿರಿನಲ್ಲಿ ಮೈಯ ರಕ್ತ ಹೆಚ್ಚುಕಡಿಮೆ ಒಂದೂವರೆಪಟ್ಟು ಆಗುವಾಗ ನಡೆಯುವುದೂ ಇದೇ. ಅದಕ್ಕೇ ಹೇಳುವುದು, ಆ ಪರೀಕ್ಷೆಯನ್ನು ಬಸಿರಿಗೆ ಬಿಡಬೇಡ. ಮೊದಲೇ ನಿನ್ನ ಕಣ್ಣೆದುರಿಗೆ, ನಿನ್ನ ಎಕೋ ರೂಮಿನಲ್ಲಿ ಆಗಲಿ.

ಮಲಗಿ ತುಳಿಯುವ ಸೈಕಲ್ಲು ನಿಮ್ಮಲ್ಲಿದ್ದರೆ ಅದೇ ಒಳ್ಳೆಯದು, ತುಳಿಯುತ್ತಿರುವಾಗಲೇ ಹಂತಹಂತಕ್ಕೂ ನೋಡಬಹುದು. ಟ್ರೆಡ್‌ಮಿಲ್ ಆದರೆ ಮಂಚ ಪಕ್ಕದಲ್ಲೇ ಇರಲಿ, ಎಕೋದ ಪ್ರೋಬು ಕೈಯಲ್ಲಿರಲಿ. ಬೆಲ್ಟು ನಿಂತ ಒಂದೆರಡು ನಿಮಿಷದಲ್ಲಿ ಬಡಿತ ಇಳಿಯುತ್ತದೆ, ಗ್ರೇಡಿಯಂಟೂ ಇಳಿದುಬಿಡುತ್ತದೆ. ಆ ಹೊತ್ತಿನಲ್ಲಿ ಬೇರೇನನ್ನೂ ನೋಡಲು ಹೋಗಬೇಡ: ಮೈಟ್ರಲ್ ಗ್ರೇಡಿಯಂಟ್, ಆಮೇಲೆ ಬಲಗಡೆಯ ಕವಾಟದ ಸೋರಿಕೆಯ ವೇಗದಿಂದ ಲೆಕ್ಕ ಸಿಗುವ ಶ್ವಾಸಕೋಶದ ರಕ್ತನಾಳದ ಪ್ರೆಷರ್. ಗ್ರೇಡಿಯಂಟ್ 15 ದಾಟಿತೋ, ಪ್ರೆಷರ್ 60 ದಾಟಿತೋ, ತೊಂದರೆ ಕವಾಟದ್ದೇ ಎಂದು ತಿಳಿ. ಪಕ್ಕದಲ್ಲೇ ಆಗಿನ ನಾಡಿಬಡಿತವನ್ನೂ ಬರೆ. ಬಡಿತವಿಲ್ಲದ ಗ್ರೇಡಿಯಂಟಿಗೆ ಅರ್ಥವಿಲ್ಲ.

ಅವಳು ಸೀರೆಯಲ್ಲೇ ಬರುತ್ತಾಳೆ. ಓಡುವ ಬೆಲ್ಟಿನ ಮೇಲೆ ನೆರಿಗೆ ಸಿಕ್ಕಿದರೆ ಬಿದ್ದಾಳು, ಚೂಡಿದಾರ ತರಲು ಮೊದಲೇ ಹೇಳು. ಮೊದಲು ನೀನೇ ಹತ್ತಿ ನಾಲ್ಕು ಹೆಜ್ಜೆ ನಡೆದು ತೋರಿಸು. ಹೆದರಿ ಇಳಿದವಳನ್ನು ಆಯಾಸದಿಂದ ಇಳಿದಳು ಅಂತ ಬರೆದುಕೊಂಡರೆ ಪರೀಕ್ಷೆಯೇ ತಪ್ಪಾಯಿತು. ಎಷ್ಟನೇ ನಿಮಿಷಕ್ಕೆ ಮಾತು ತುಂಡಾಯಿತು ಅನ್ನುವುದನ್ನೂ ಗಮನಿಸು.

ಹೃದಯದಿಂದ ಮೈಗೆ ರಕ್ತ ಹೊರಡುವ ಬಾಗಿಲು, ಅಯೋರ್ಟಿಕ್ ಕವಾಟದ ವಿಷಯ ಬೇರೆ. ಅದು ತೀರಾ ಕಿರಿದಾಗಿ, ಎದೆನೋವೋ ತಲೆಸುತ್ತಿ ಬೀಳುವುದೋ ಆಗಲೇ ಇದ್ದರೆ ಯಾರು ಹೇಳಿದರೂ ನಡೆಸಬೇಡ, ಜೀವಕ್ಕೇ ಅಪಾಯ. ಏನೂ ಇಲ್ಲ ಅನ್ನುವವರನ್ನು ಮಾತ್ರ ನಡೆಸು, ನೀನು ಪಕ್ಕ ಬಿಟ್ಟು ಕದಲಬೇಡ, ಬಿ.ಪಿ. ಏರುವ ಬದಲು ಇಳಿದರೆ ತಕ್ಷಣ ನಿಲ್ಲಿಸು. ಹೃದಯವೇ ಸೋತು ಗ್ರೇಡಿಯಂಟ್ ಕಡಿಮೆ ಕಾಣುವ ಮುದುಕರಿಗೆ ಹೃದಯದ ಬಡಿತಕ್ಕೆ ಬಲ ಕೊಡುವ ಔಷಧಿ ಡೊಬುಟಮಿನ್ ಸಣ್ಣ ಪ್ರಮಾಣದಲ್ಲಿ ಇದೆ, ತೂಕದ ಪ್ರತಿ ಕೆ.ಜಿ.ಗೆ ನಿಮಿಷಕ್ಕೆ 5ರಿಂದ ಶುರುಮಾಡಿ 20 ಮೈಕ್ರೋಗ್ರಾಂ ದಾಟದಂತೆ. ಅದನ್ನು ನಿಮ್ಮ ಸರ್ ಕೂತು ಕಲಿಸಲಿ.

ಈ ವಾರವೇ ಆ ಹುಡುಗಿಗೆ ಫೋನು ಮಾಡು. ಗಂಡನ ಜೊತೆ ಅತ್ತೆಯನ್ನೂ ಕರೆತರಲಿ. ಮನೆಯಲ್ಲಿ ಅವಳ ಪಾಲಿನ ಯಾವ ಕೆಲಸ ಯಾರ ಕೈಗೆ ಹೋಗಿದೆ ಅಂತ ಅತ್ತೆಗೆ ಗೊತ್ತಿರುತ್ತದೆ. ಬಲೂನು ಹಾಕಿ ಹಿಗ್ಗಿಸಲು ಒಗ್ಗುವ ಕವಾಟವಾದರೆ ಬಸಿರಿಗೆ ಮುಂಚೆಯೇ ಆಗಿಬಿಡಲಿ. ಕವಾಟ ಕೆಡಿಸುವ ರುಮ್ಯಾಟಿಕ್ ಜ್ವರ ಮರುಕಳಿಸದಂತೆ ಕೊಡುವ ಮೂರು ವಾರಕ್ಕೊಮ್ಮೆಯ ಪೆನಿಸಿಲಿನ್ ಇಂಜೆಕ್ಷನ್ ನಿಂತಿದೆಯಾ ಕೇಳು. ನಡೆಸಿದ ದಿನ ರಾತ್ರಿ ಎಷ್ಟು ಹೊತ್ತಾದರೂ ನನಗೆ ಫೋನು ಮಾಡು, ಎದ್ದಿರುತ್ತೇನೆ.

ನಿನ್ನ ದೊಡ್ಡಪ್ಪ