ಮಗಳಿಗೊಂದು ಪತ್ರ: ನಾಲ್ಕನೆಯ ಅವಸ್ಥೆಯನ್ನು ಕುರಿತು

ಕಾರವಾರ

ಚಿ. ಮಗಳಿಗೆ ಅಪ್ಪಯ್ಯನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಬೆಂಗಳೂರಿನ ಧ್ಯಾನ ಶಿಬಿರದಲ್ಲಿ ಕುಳಿತಿದ್ದಾಗ ಅರ್ಧ ತಾಸು ಎಲ್ಲಿ ಹೋಯಿತೆಂದೇ ತಿಳಿಯಲಿಲ್ಲವೆಂದೂ, ಗಂಟೆ ಬಾರಿಸಿದಾಗ ಮೈಮನಸ್ಸು ಹಗುರಾಗಿದ್ದವೆಂದೂ ಬರೆದು, ಇದು ಎಚ್ಚರ, ಕನಸು, ಗಾಢನಿದ್ರೆಗಳಾಚೆಯ ನಾಲ್ಕನೆಯದೆನ್ನುವ ತುರೀಯಾವಸ್ಥೆಯ ಹೊಸ್ತಿಲೇ ಎಂದು ಕೇಳಿದ್ದೀಯೆ. ನನ್ನ ಉತ್ತರ ನಿನಗೆ ರುಚಿಸಲಾರದು. ನೀನು ನಿದ್ದೆಹೋಗಿದ್ದೆ ಎಂದೇ ನನಗೆ ತೋರುತ್ತದೆ.

ತಮಾಷೆಗೆ ಹೇಳುತ್ತಿಲ್ಲ. ಹನ್ನೆರಡೇ ಮಂತ್ರಗಳ ಮಾಂಡೂಕ್ಯೋಪನಿಷತ್ತು ಎಚ್ಚರದಲ್ಲಿ ಹೊರಗಿನದನ್ನು ಅರಿಯುವ ವೈಶ್ವಾನರನನ್ನೂ, ಕನಸಿನಲ್ಲಿ ಒಳಗಿನದನ್ನು ಅರಿಯುವ ತೈಜಸನನ್ನೂ, ಬಯಕೆಯೂ ಕನಸೂ ಇಲ್ಲದ ಗಾಢನಿದ್ರೆಯ ಪ್ರಾಜ್ಞನನ್ನೂ ವಿವರಿಸುವಾಗ, ಈ ಮೂರನೆಯವನನ್ನೇ ಆನಂದವನ್ನು ಉಣ್ಣುವವನೆಂದು ಕರೆಯುತ್ತದೆ. ಸುಖವೂ ಹಗುರವೂ ನಿದ್ರೆಗೂ ಸಲ್ಲುವ ಗುಣಗಳಾದ್ದರಿಂದ ಅವನ್ನು ಆತ್ಮಜಾಗೃತಿಯ ಗುರುತೆಂದು ಹಿಡಿಯಲಾಗದು. ಏಳನೆಯ ಮಂತ್ರವಂತೂ ತುರೀಯವನ್ನು ಹೇಳಲು ಹೊರಟು, ಹೊರಗಣ ಅರಿವಲ್ಲ, ಒಳಗಣ ಅರಿವಲ್ಲ, ನಿದ್ರೆಯ ಘನವಾದ ಅರಿವೂ ಅಲ್ಲ ಎಂದು ಒಂದೊಂದನ್ನೇ ತಳ್ಳಿಹಾಕುತ್ತದೆ. ಶಂಕರರ ಪರಂಪರೆಯವರು ಇದನ್ನು ಮೂರರ ಮೇಲಿನ ನಾಲ್ಕನೆಯ ಅಂತಸ್ತೆಂದು ಓದುವುದಿಲ್ಲ. ಮೂರೂ ಬಂದುಹೋಗುವಾಗ ತಾನು ಮಾತ್ರ ಬದಲಾಗದೆ ಉಳಿಯುವ ಅರಿವೇ ಅದೆನ್ನುತ್ತಾರೆ. ಹಾಗಿದ್ದರೆ ಅದಕ್ಕೊಂದು ಹೊಸ್ತಿಲು ಎಲ್ಲಿಂದ ಬರಬೇಕು? ಶಿಬಿರದವರು ಕೊಟ್ಟ ಪ್ರಜ್ಞೆಯ ಮಟ್ಟಗಳ ಪಟ್ಟಿಯನ್ನಾಗಲಿ, ಅದರಲ್ಲಿ ನೀನು ಎಷ್ಟನೆಯದಕ್ಕೆ ಏರಿರುವೆ ಎಂಬ ಲೆಕ್ಕವನ್ನಾಗಲಿ ನಾನು ನೆಚ್ಚದಿರುವುದು ಇದೇ ಕಾರಣಕ್ಕೆ.

ಯೋಗಸೂತ್ರದ ಪತಂಜಲಿಗಳೂ ನಿದ್ರೆಯನ್ನು ಐದು ಚಿತ್ತವೃತ್ತಿಗಳಲ್ಲಿ, ಎಂದರೆ ಯೋಗವು ತಡೆಯಬೇಕೆನ್ನುವ ಮನಸ್ಸಿನ ಚಟುವಟಿಕೆಗಳಲ್ಲಿ, ಸೇರಿಸಿದ್ದಾರೆ. ನಿದ್ರೆಯನ್ನು ಯಂತ್ರವಿಟ್ಟು ಅಳೆಯುವ ಇಂದಿನವರೂ ಒಂದು ಸಂಗತಿ ಬಲ್ಲರು: ಜೊಂಪಿನ ಮೊದಲ ಹಂತದಿಂದ ಎಬ್ಬಿಸಿದಾಗ ಅನೇಕರು ತಾವು ಎಚ್ಚರವಾಗಿಯೇ ಇದ್ದೆವೆಂದು ವಾದಿಸುತ್ತಾರೆ. (ಟಿವಿಯ ಮುಂದೆ ನಿನ್ನ ಆಯಿಯೂ ಹೀಗೆಯೇ ವಾದಿಸುವುದುಂಟು.)

ಸಾಧಕರಿಗೆ ಇಲ್ಲಿ ನೆರವಾಗುವವರು ಅದ್ವೈತದ ಹಿರಿಯ ಆಚಾರ್ಯರಾದ ಗೌಡಪಾದರು. ಮಾಂಡೂಕ್ಯದ ಮೇಲೆ ಅವರು ಬರೆದ ಕಾರಿಕೆಗಳ, ಎಂದರೆ ವಿವರಣೆಯ ಶ್ಲೋಕಗಳ, ಮೂರನೆಯ ಪ್ರಕರಣದಲ್ಲಿ, ಚಿತ್ತವು ನಿದ್ರೆಯಲ್ಲಿ ಲಯವಾಗತೊಡಗಿದರೆ ಎಬ್ಬಿಸಬೇಕು, ಚದುರಿದರೆ ಶಾಂತಗೊಳಿಸಬೇಕು, ಒಳಗೆ ಅಡಗಿದ ಆಸೆಯ ಕಲೆಯಿದ್ದರೆ ಅದನ್ನು ಗುರುತಿಸಬೇಕು, ಸಮಸ್ಥಿತಿಗೆ ಬಂದದ್ದನ್ನು ಮತ್ತೆ ಕದಲಿಸಬಾರದು ಎನ್ನುತ್ತಾರೆ. ಅಷ್ಟಕ್ಕೇ ಬಿಡದೆ, ಅಲ್ಲಿ ದೊರೆಯುವ ಸುಖವನ್ನು ಸವಿಯುತ್ತಾ ಕೂರಬಾರದೆಂದೂ ಸೇರಿಸುತ್ತಾರೆ. ಈ ಕೊನೆಯ ಮಾತನ್ನು ನಾನು ಉಳಿದೆಲ್ಲಕ್ಕಿಂತ ಮೇಲೆಣಿಸುತ್ತೇನೆ, ಏಕೆಂದರೆ ಒಮ್ಮೆ ಸಿಕ್ಕ ಸುಖವನ್ನು ಹುಡುಕಿಕೊಂಡು ಮರುದಿನ ಕುಳಿತವನು ಧ್ಯಾನಕ್ಕಲ್ಲ, ಆ ನೆನಪಿಗಾಗಿಯೇ ಕುಳಿತಿರುತ್ತಾನೆ. ಮನೋನಿಗ್ರಹಕ್ಕೆ ಬೇಕಾದ ತಾಳ್ಮೆಯನ್ನು ಅವರು ದರ್ಭೆಯ ತುದಿಯಿಂದ ಒಂದೊಂದೇ ಹನಿ ತೆಗೆದು ಕಡಲನ್ನು ಬರಿದುಮಾಡುವ ಕೆಲಸಕ್ಕೆ ಹೋಲಿಸಿದ್ದಾರೆ. ಕಡಲ ದಂಡೆಯಲ್ಲಿ ಬೆಳೆದ ನಿನಗೆ ಅದರ ಅಳತೆಯನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದ್ದರಿಂದ ಊಟವಾದ ಕೂಡಲೇ ಕೂರಬೇಡ. ಬೆನ್ನು ನೆಟ್ಟಗಿರಲಿ, ಜೊಂಪು ಹತ್ತಿದರೆ ಕಣ್ತೆರೆದು ಎದ್ದು ನಾಲ್ಕು ಹೆಜ್ಜೆ ನಡೆ.

ಇನ್ನು, ಮನೆಮಂದಿಯ ಅಂಟು ಸಡಿಲವಾಗುತ್ತಿದೆ, ಹಬ್ಬಕ್ಕೆ ಊರಿಗೆ ಬರಬೇಕೆನಿಸುತ್ತಿಲ್ಲ ಎಂದು ಬರೆದಿದ್ದೀಯಲ್ಲ, ನನ್ನನ್ನು ಕಾಡಿದ್ದು ಆ ಸಾಲು. ತಮ್ಮ ಅಣ್ಣ ಸತ್ಯೇಂದ್ರನಾಥರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ನಮ್ಮ ಕಾರವಾರಕ್ಕೆ ಬಂದು ತಂಗಿದ್ದ ತರುಣ ರವೀಂದ್ರನಾಥ ಟಾಗೋರರು ಈ ಊರಿನಲ್ಲೇ ಬರೆದ, 1884ರಲ್ಲಿ ಅಚ್ಚಾದ ‘ಪ್ರಕೃತಿರ್ ಪ್ರತಿಶೋಧ’ ಎಂಬ ನಾಟಕದಲ್ಲಿ ಲೋಕದ ಬಂಧವನ್ನೆಲ್ಲ ಹರಿದುಕೊಂಡೆನೆಂದು ಬೀಗುವ ಒಬ್ಬ ಸಂನ್ಯಾಸಿಯಿದ್ದಾನೆ. ಯಾರೂ ಹತ್ತಿರ ಸೇರಿಸದ ಅನಾಥ ಹುಡುಗಿಯೊಬ್ಬಳು ಅವನನ್ನು ತಂದೆಯೆಂದು ನೆಚ್ಚುತ್ತಾಳೆ. ಮಮತೆಗೆ ಹೆದರಿ ಅವನು ಓಡಿಹೋಗುತ್ತಾನೆ. ಕಡೆಗೆ ದಂಡವನ್ನೂ ಭಿಕ್ಷಾಪಾತ್ರೆಯನ್ನೂ ಬಿಸುಟು ಮರಳಿ ಬರುವಷ್ಟರಲ್ಲಿ ಆ ಹುಡುಗಿ ಬದುಕಿರುವುದಿಲ್ಲ. ಸೀಮಿತವಾದುದರ ನಡುವೆಯೇ ಅಸೀಮವನ್ನು ಕಾಣುವ ಸಂತೋಷವೇ ತಮ್ಮ ಮುಂದಿನ ಬರವಣಿಗೆಯ ವಸ್ತುವಾಯಿತೆಂದು ಟಾಗೋರರು ಈ ನಾಟಕವನ್ನು ನೆನೆಯುತ್ತಾ ಹೇಳಿಕೊಂಡಿದ್ದಾರೆ. ನಿನ್ನ ಸಡಿಲಿಕೆ ವೈರಾಗ್ಯವೋ ಬೇಸರವೋ ಎಂಬುದನ್ನು ಇಷ್ಟು ದೂರದಿಂದ ನಾನು ತೀರ್ಮಾನಿಸಲಾರೆ, ಆದರೆ ವೈರಾಗ್ಯವೇ ಆಗಿದ್ದರೆ ಚೌತಿಗೆ ಬಂದು ನಾಲ್ಕು ದಿನ ನಮ್ಮೊಡನೆ ಇದ್ದುದರಿಂದ ಅದಕ್ಕೇನೂ ಕುಂದು ಬಾರದು.

ಟಿಕೆಟ್ ಈಗಲೇ ತೆಗೆದಿಡು, ಆಮೇಲೆ ಸಿಗುವುದಿಲ್ಲ. ರಾತ್ರಿ ಬಸ್ಸಿನಲ್ಲಿ ಬಂದಿಳಿದ ಬೆಳಿಗ್ಗೆ ಮಾತ್ರ ಧ್ಯಾನಕ್ಕೆ ಕೂರದೆ ಮಲಗಿಬಿಡು.

ಇತಿ,
ಅಪ್ಪಯ್ಯ